ಮೂಲೆಯ ನೆರಿಗೆ

ಅತ್ತೆಗೆ ಎರಡೂ ಕಣ್ಣು ಕಾಣಿಸುತ್ತಿರಲಿಲ್ಲ. ಬೇರೆ ಯಾವ ಕೊರತೆಯನ್ನೂ ಆಕೆ ಒಪ್ಪಿಕೊಂಡಿರಲಿಲ್ಲ. ಊಟದ ಹೊತ್ತಿಗೆ ಗೋಡೆ ಸವರುತ್ತ ಕೋಣೆಯಿಂದ ಬರುವಳು. ದುಂಡು ಮೇಜಿನ ಸುತ್ತ ಒಂದೊಂದೇ ಕುರ್ಚಿಯ ಸೀಟು ಮುಟ್ಟುವಳು. ಎಡ ಅಂಚಿನಲ್ಲಿ ಬೆರಳು ತೂರುವಷ್ಟು ಹರಿದ ರೆಕ್ಸಿನ್ ಸಿಕ್ಕರೆ ಅದು ಅವಳದು. ಮುಂದೆ ತಟ್ಟೆ, ಬಲಕ್ಕೆ ಲೋಟ. "ನನ್ನ ಕೈ ಹಿಡಿದು ಕೂರಿಸೋ ದಿನ ಬಂದ್ರೆ ತಟ್ಟೆ ಕೋಣೆಗೇ ಕಳಿಸ್ಬಿಡಿ" ಎಂದು ಮಗನಿಗೂ ಸೊಸೆಗೂ ಹೇಳಿಟ್ಟಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು.

ಉಳಿದ ಐದು ಕುರ್ಚಿಗಳು ಹರಿದಿರಲಿಲ್ಲ, ಆದರೆ ಸ್ಪಂಜು ಕುಸಿದು ಹಲಗೆ ಕುಂಡೆಗೆ ಒತ್ತುತ್ತಿತ್ತು. ಒಂದು ರಜೆಯ ಬೆಳಿಗ್ಗೆ ಸೊಸೆ ಹೊಸ ಸ್ಪಂಜು, ಕಂದು ರೆಕ್ಸಿನ್, ಪಿನ್ನು ಹೊಡೆಯುವ ಗನ್ನು ಹರವಿಕೊಂಡು ನೆಲದ ಮೇಲೆ ಕೂತಳು. ಮಗ ಪೇಪರ್ ಓದುತ್ತ, ಕಸ ಗುಡಿಸುವಾಗ ಕಾಲೆತ್ತಿ ಸಹಕರಿಸಿದ.

ಅತ್ತೆ ಕರೆಯದೆಯೇ ಬಂದು ಕೂತು ಇಕ್ಕಳ ಕೇಳಿದಳು. ಮೂವತ್ತು ವರ್ಷ ಅಂಗಡಿಯಲ್ಲಿ ಬಟ್ಟೆ ಹೊಲಿದ ಕೈ. ಹಳೆಯ ಪಿನ್ನುಗಳನ್ನೆಲ್ಲ ಅವಳೇ ಕಿತ್ತಳು. ಮೊದಲು ಎದುರುಬದುರು ಅಂಚು ಎಳೆದು ಹೊಡೆ, ಮೂಲೆ ಕೊನೆಗೆ, ಎಂದು ಸೊಸೆಗೆ ಕಲಿಸಿದಳು. ಮುಗಿದ ಪ್ರತಿ ಸೀಟನ್ನೂ ತೊಡೆಯ ಮೇಲಿಟ್ಟುಕೊಂಡು ನಾಲ್ಕೂ ಮೂಲೆ ತಡವುವಳು. ನಾಲ್ಕು ಸೀಟು ಪಾಸಾದವು. ಐದನೆಯದರ ಒಂದು ಮೂಲೆಯ ಮೇಲೆ ಅವಳ ಬೆರಳು ನಿಂತಿತು.

"ಇಲ್ಲಿ ನೆರಿಗೆ ದಪ್ಪ ಆಗಿದೆ."

"ಹೌದು ಅತ್ತೆ. ಅದು ನಿಮ್ಮ ಕುರ್ಚಿಗೇ ಇರ್ಲಿ. ಹರಕು ಹೋಯ್ತಲ್ಲ, ಗುರುತಿಗೆ ಆಗುತ್ತೆ."

ಪೇಪರ್ ಹಿಂದಿನಿಂದ ಮಗನೂ ಹೂಂಗುಟ್ಟಿದ. ಅತ್ತೆ ಆ ಮೂಲೆಯನ್ನು ಇನ್ನೊಮ್ಮೆ ತಡವಿದಳು.

"ಕೆಟ್ಟ ಕೆಲಸದ ಮೇಲೆ ನಾನು ಕೂರಲ್ಲ ಕಣೇ. ಬಿಚ್ಚು."

ಸೊಸೆ ಬಿಚ್ಚಿದಳು. ಆ ಮೂಲೆಯ ನೆರಿಗೆಯನ್ನು ಅತ್ತೆಯೇ ಮಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಸೊಸೆ ಪಿನ್ನು ಹೊಡೆದಳು. ಆರನೆಯದೂ ಹಾಗೇ ಆಯಿತು. ಸಂಜೆಯೊಳಗೆ ಆರೂ ಸೀಟು ಸ್ಕ್ರೂ ಬಿಗಿಸಿಕೊಂಡು ಮೇಜಿನ ಸುತ್ತ ನಿಂತವು.

ಊಟಕ್ಕೆ ಅತ್ತೆ ಗೋಡೆ ಸವರುತ್ತ ಬಂದಳು. ಮಗ, ಸೊಸೆ ಆಗಲೇ ಕೂತಿದ್ದರು. ಆಕೆ ಮೊದಲ ಸೀಟು ಮುಟ್ಟಿದಳು, ಎರಡನೆಯದು ಮುಟ್ಟಿದಳು. ಮೂರನೆಯದರಲ್ಲಿ ಮಗನ ತೊಡೆ ಸಿಕ್ಕಿತು. ಒಂದು ಸುತ್ತು ಮುಗಿಸಿ ಎರಡನೆಯ ಸುತ್ತು ಶುರು ಮಾಡಿದಾಗ ಮಗ ಅಗಿಯುವುದನ್ನು ನಿಲ್ಲಿಸಿದ. ಸೊಸೆ ಎದ್ದು ಆಕೆಯ ಮೊಣಕೈ ಹಿಡಿದು, ತಟ್ಟೆ ಇದ್ದ ಜಾಗಕ್ಕೆ ತಂದು ಕೂರಿಸಿದಳು.

ಅತ್ತೆ ಕುರ್ಚಿಯ ನಾಲ್ಕೂ ಮೂಲೆಗಳ ಮೇಲೆ ಕೈಯಾಡಿಸಿದಳು.

"ಚೆನ್ನಾಗಿ ಬಂದಿದೆ" ಎಂದಳು. "ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ."

ನಿಮ್ಮದಕ್ಕೆ ಒಂದು ಗುಂಡಿ ಹೊಲಿದುಬಿಡಲೇ ಎಂದು ಸೊಸೆ ಮೆಲ್ಲಗೆ ಕೇಳಿದಳು. ಹೊಸ ರೆಕ್ಸಿನ್‌ಗೆ ತೂತು ಮಾಡಬೇಡ ಎಂದು ಅತ್ತೆ ಊಟಕ್ಕೆ ಕೈ ಹಾಕಿದಳು.

ಮರುದಿನ ಮಧ್ಯಾಹ್ನ ಆಕೆ ಹೊರಗೆ ಬರಲಿಲ್ಲ. ಸೊಸೆ ತಟ್ಟೆಯನ್ನು ಕೋಣೆಗೆ ಒಯ್ದು ಕೊಟ್ಟಳು. ವಾಪಸು ಬಂದು ಹಿಂದಿನ ದಿನದ ಕಸವನ್ನು ಚೀಲಕ್ಕೆ ತುಂಬಿ ಹೊರಗಿಟ್ಟಳು. ಹಳೆಯ ಸ್ಪಂಜು ಆರು, ಹಳೆಯ ರೆಕ್ಸಿನ್ ಆರು, ತುಕ್ಕು ಹಿಡಿದ ಪಿನ್ನು ಎರಡು ಹಿಡಿ, ಹರಕು ಒಂದು.