ಪಟ್ಟಕ್ಕೇರಿದ ಮರುದಿನ

ಆ ಸಾಮ್ರಾಜ್ಯದ ಅಷ್ಟೂ ಕಾರ್ಖಾನೆಗಳು ಓಡುತ್ತಿದ್ದದ್ದು ದಿನಾ ಬೆಳಿಗ್ಗೆ ಅರಮನೆಯ ಉಪ್ಪರಿಗೆಯಲ್ಲಿ ದೊರೆ ಹೇಳುವ ಮಂತ್ರದಿಂದ. ಹೊಸ ದೊರೆ ಮೊದಲ ದಿನ ಗಂಟಲು ಹರಿಯುವಂತೆ ಹೇಳಿದ. ಒಂದು ಚಕ್ರವೂ ತಿರುಗಲಿಲ್ಲ.

“ಅಪ್ಪಾಜಿ, ಮಂತ್ರ ತಪ್ಪಾಯ್ತಾ?”

ಮುದಿ ದೊರೆ ತಲೆ ತುರಿಸಿಕೊಂಡ. “ನಂಗೇನಪ್ಪಾ ಗೊತ್ತು? ನಾನು ಬರೀ ತುಟಿ ಆಡಿಸ್ತಿದ್ದೆ. ಪರದೆ ಹಿಂದೆ ನಿಂತು ಹೇಳ್ತಿದ್ದವಳು ನಿಮ್ಮಮ್ಮ.”

“ನಿನ್ನೆ ಅದನ್ನ ಸೊಸೆಗೆ ಧಾರೆ ಎರೆದುಕೊಟ್ಟೆ,” ಎಂದಳು ತಾಯಿ. “ಇನ್ನು ನನ್ನ ಬಾಯಲ್ಲಿ ನಡೆಯಲ್ಲ. ಎಲ್ಲಿ ಅವಳು?”

ಹೊಸ ದೊರೆ ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡ. “ಮನೇಲಿ ಕೂತು ನೀನೇನ್ ಮಾಡ್ತೀಯಾ ಅಂತ ನಿನ್ನೆ ಬೈದೆ. ತವರಿಗೆ ಹೋದ್ಲು. ಹಾರೋ ರೈಲು ತರ್ಸಮ್ಮಾ, ಈಗ್ಲೇ ಕರ್ಕೊಂಡು ಬರ್ತೀನಿ.”

ತಾಯಿ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದಳು.

“ಅದೂ ಅವಳ ಮಂತ್ರಕ್ಕೇ ಹಾರೋದು, ಕಂದಾ. ಚಪ್ಪಲಿ ಹಾಕ್ಕೋ.”