ಬಗ್ಗುವ ಗುಣ

ಒಂದು ಊರಿನಲ್ಲಿ ಒಬ್ಬಳು ಅಜ್ಜಿ, ಅಜ್ಜಿಗೊಬ್ಬಳು ಮೊಮ್ಮಗಳು. ಅಜ್ಜಿಯ ಕತೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ. ಮೊಮ್ಮಗಳನ್ನು ನೋಡಲು ಬಂದವನು ತಾಯಿಯ ಹಿಂದೆ ಬಂದು, ಬಜ್ಜಿ ತಿಂದು, ಎಣ್ಣೆಗೈಯನ್ನು ದಿವಾನಕ್ಕೆ ಒರೆಸಿದ.

"ನಮ್ಗೆ ಹುಡ್ಗಿ ಫ್ಲೆಕ್ಸಿಬಲ್ ಆಗಿದ್ರೆ ಸಾಕು," ಎಂದರು ಅವನ ತಾಯಿ.

"ಹಂಗಂದ್ರೇನೇ, ಪುಟ್ಟಿ?" ಅಜ್ಜಿ ಕೇಳಿದಳು.

"ಬಗ್ಗೋ ಗುಣ ಅಂತ, ಅಜ್ಜಿ. ಲ್ಯಾಟಿನ್‌ನಲ್ಲಿ 'ಬಗ್ಗಿಸು' ಅನ್ನೋ ಮಾತಿಂದ ಹುಟ್ಟಿದ್ದು."

"ಹ್ಞಾ, ಅದೇ. ಕೆಲ್ಸ ಬಿಡ್ಬೇಕು. ಹೆಸ್ರೂ ಬದಲಾಯಿಸ್ತೀವಿ, ಧಾರೆ ದಿನ ಇವ್ನೇ ಅಕ್ಕೀಲಿ ಹೊಸದು ಬರೀತಾನೆ." ಹುಡುಗನ ತಾಯಿ ಹುಡುಗಿಯ ಗಲ್ಲ ಹಿಡಿದು, ಬದನೆಕಾಯಿ ಆರಿಸುವಂತೆ ಅತ್ತಿತ್ತ ತಿರುಗಿಸಿದರು. "ಎಲ್ಲಿ, ಕಾಲಿಗೆ ಬೀಳಮ್ಮಾ."

ಹುಡುಗಿ ಅಜ್ಜಿಯ ಕಡೆ ನೋಡಿದಳು. ಆದರೆ ಈ ಸಂಬಂಧ ಕೂಡಿಬರಲೇಬೇಕೆಂದು ಹಟ ಹಿಡಿದಿದ್ದವಳು ಅಜ್ಜಿಯೇ. ಹುಡುಗಿ ಕಣ್ಣೀರು ನುಂಗಿ ಸೆರಗು ಸರಿಪಡಿಸಿಕೊಂಡಳು.

"ಇರು, ನೀನು ಬಗ್ಬೇಡ," ಎಂದಳು ಅಜ್ಜಿ. "ಆ ಕೆಲ್ಸ ನಾನು ಮಾಡ್ತೀನಿ."

ಮಂಡಿನೋವಿನ ಅಜ್ಜಿ ಗೋಡೆ ಹಿಡಿದು ಬಾಗಿಲವರೆಗೆ ನಡೆದಳು. ನಿಧಾನವಾಗಿ ಬಗ್ಗಿ, ಬಂದವರ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟಳು.