ದುಭಾಷಿ ಕೇಳಿದ ಪ್ರಶ್ನೆ

"ಸತ್ತವನ ಹೆಸರು?" ಎಂದು ಡಾಕ್ಟರ್ ಹ್ಯಾಲ್ಕೆಟ್ ಕೇಳಿದರು.

ಗಣಿಯ ಮ್ಯಾನೇಜರ್ ಪ್ರಿಂಗಲ್ ಕೂತಲ್ಲಿಂದಲೇ ಉತ್ತರ ಕೊಟ್ಟ. "ಚೀನಾದವ್ನು, ನಂಬರ್ ಎಂಬತ್ತೊಂದು. ನಮ್ಮ ಪಟ್ಟೀಲಿ ಹಂಗೇ ಇರೋದು."

ವ್ಯಾಂಕೂವರ್ ದ್ವೀಪದ ಆ ಕಲ್ಲಿದ್ದಲು ಊರಿನಲ್ಲಿ ಗಣಿಯ ಸಾವುಗಳ ವಿಚಾರಣೆ ಶಾಲೆಯ ಕೋಣೆಯಲ್ಲೇ ನಡೆಯುತ್ತಿತ್ತು; ಡಾಕ್ಟರೇ ವಿಚಾರಣಾಧಿಕಾರಿ. 1909ರ ಮಾರ್ಚ್ ತಿಂಗಳ ಆ ಶನಿವಾರ ಸಾಕ್ಷಿ ಹೇಳಲು ನಿಂತಿದ್ದವನು ಮಾ ಹೋಯ್. ಎರಡು ದಿನದ ಹಿಂದೆ ಸುರಂಗದ ಸೂರು ಕುಸಿದಾಗ ಸತ್ತವನಿಂದ ನಾಲ್ಕೇ ಮಾರು ದೂರದಲ್ಲಿದ್ದವನು. ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಲಿಯಾಂಗ್ ಬಿಂಗ್ ಬಂದಿದ್ದ. ಒಂಬತ್ತು ವರ್ಷಗಳಿಂದ ಅವನು ದುಭಾಷಿ. ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸಬೇಕು, ತನ್ನದೊಂದು ಪದವನ್ನೂ ಸೇರಿಸಬಾರದು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸೇರಿಸಿರಲಿಲ್ಲ.

ಡಾಕ್ಟರು ಲೇಖನಿಯನ್ನು ಮಸಿಗೆ ಅದ್ದಿದರು. "ಎಂಬತ್ತೊಂದು ಸರಿ ತಾನೇ ಅಂತ ಸಾಕ್ಷೀನ ಕೇಳು."

ಲಿಯಾಂಗ್ ಕೇಳಿದ. ಮಾ ಹೋಯ್ ಮ್ಯಾನೇಜರನತ್ತ ಓರೆಗಣ್ಣಿನಲ್ಲಿ ನೋಡಿ, "ಹೂಂ, ಅದೇ," ಎಂದ.

ಲಿಯಾಂಗ್ ಆ ಮಾತನ್ನು ದಾಟಿಸಲಿಲ್ಲ. ತಮ್ಮ ಭಾಷೆಯಲ್ಲೇ ಮತ್ತೆ ಕೇಳಿದ, "ಅಣ್ಣ, ಅವರಮ್ಮ ಅವನನ್ನ ಏನಂತ ಕರೀತಿದ್ರು?"

"ನಿಂಗೇನು ತಲೆ ಕೆಟ್ಟಿದ್ಯಾ? ಸೋಮವಾರ ನಾನು ಗಣಿಗೆ ಇಳೀಬೇಕು ಮಾರಾಯ."

"ನಮ್ಮ ಪದ್ಧತಿ ಪ್ರಕಾರ ಏಳು ವರ್ಷ ಆದ್ಮೇಲೆ ಗೋರಿಯಿಂದ ಅವನ ಮೂಳೆ ತೆಗೆದು ಊರಿಗೆ ಕಳಿಸ್ಬೇಕಲ್ಲ, ಆಗ ಯಾರ ಮನೆಗೆ ಕಳಿಸೋದು? ಎಂಬತ್ತೊಂದರ ಮನೆಗಾ?"

ಮಾ ಹೋಯ್ ಕೈಯಲ್ಲಿದ್ದ ಟೋಪಿಯನ್ನು ಹಿಂಡಿದ. "ಸೀಟೋ ಗಿಮ್ ಫಾಯ್," ಎಂದ ಮೆಲ್ಲಗೆ.

"ಏನದು ಅಷ್ಟುದ್ದ ಮಾತು?" ಡಾಕ್ಟರು ತಲೆ ಎತ್ತಿದರು.

"ನಾನೊಂದು ಪ್ರಶ್ನೆ ಕೇಳಿದೆ ಡಾಕ್ಟ್ರೇ. ಸತ್ತವನ ಹೆಸರು ಸೀಟೋ ಗಿಮ್ ಫಾಯ್."

"ಪ್ರಶ್ನೆ ಕೇಳೋದು ನಿನ್ನ ಕೆಲಸ ಅಲ್ಲ."

"ಅಲ್ಲ. ಆದ್ರೂ ಕೇಳಿದೆ."

ಪ್ರಿಂಗಲ್ ನಕ್ಕ. "ಇವರ ಹೆಸರನ್ನೆಲ್ಲ ಬರೀತಾ ಕೂತ್ರೆ ಇಲ್ಲೇ ಸಂಜೆ ಆಗತ್ತೆ ಡಾಕ್ಟ್ರೇ. ಮುಂದಿನ ಸಲ ಬೇರೆ ದುಭಾಷೀನ ಕರೆಸ್ತೀನಿ ಬಿಡಿ."

ಈ ಕೆಲಸ ಬಿಟ್ಟರೆ ಲಿಯಾಂಗ್‌ಗೆ ಉಳಿಯುವುದು ಅದೇ ಗಣಿ. "ಕರೆಸಿ ಸಾಹೇಬ್ರೇ," ಎಂದ. "ಇವತ್ತು ನಾನಿದೀನಲ್ಲ. ಒಂದೊಂದೇ ಅಕ್ಷರ ಹೇಳ್ತೀನಿ."

ಡಾಕ್ಟರು ಇಬ್ಬರನ್ನೂ ನೋಡಿದರು. ಅಷ್ಟರಲ್ಲಿ ಲೇಖನಿಯ ಮಸಿ ಒಣಗಿತ್ತು. ಮತ್ತೊಮ್ಮೆ ಅದ್ದಿ, "ಹೇಳು," ಎಂದರು.

ಅದೇ ಅವನ ಕೊನೆಯ ವಿಚಾರಣೆ. ಮತ್ತೆ ಯಾರೂ ಅವನನ್ನು ಕರೆಸಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವನು ಬಾಗಿಲು ತೆಗೆದಾಗ ಹೊರಗೆ ಹನ್ನೊಂದು ಜನ ಗಣಿಯಾಳುಗಳು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಮಾ ಹೋಯ್. "ನಮ್ಮ ಹೆಸರೂ ಚೀಟೀಲಿ ಬರ್ಕೊಡು, ಅವರ ಇಂಗ್ಲಿಷ್ ಅಕ್ಷರದಲ್ಲಿ. ಕೆಳಗಿಳಿಯೋವಾಗ ಜೇಬಲ್ಲಿ ಇಟ್ಕೋತೀವಿ."

ಲಿಯಾಂಗ್ ಹೊಸ್ತಿಲಲ್ಲೇ ಕೂತು ಬರೆದುಕೊಟ್ಟ. ಕೊನೆಗೆ ಬಂದವನು ಅವರಲ್ಲೆಲ್ಲ ಹಿರಿಯ, ಹಲ್ಲೆಲ್ಲ ಬಿದ್ದಿದ್ದ ಮುದುಕ.

"ಹೆಸರು ಹೇಳಿ ಅಜ್ಜ."

"ಹದಿನೇಳು," ಎಂದುಬಿಟ್ಟ ಮುದುಕ. ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಆಮೇಲೆ ನಗು ನಿಲ್ಲಿಸಿ, ಹೆಸರು ಹೇಳಿದ. ಬರೆದುಕೊಟ್ಟ ಚೀಟಿಯನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಓದಪ್ಪ, ಕೇಳೋಣ."

"ಔಯಾಂಗ್ ಸೂಯ್," ಎಂದು ಲಿಯಾಂಗ್ ಓದಿದ.

ಮುದುಕ ಕಣ್ಣು ಮುಚ್ಚಿಕೊಂಡ. "ಇನ್ನೊಂದ್ಸಲ," ಎಂದ, "ಸ್ವಲ್ಪ ಜೋರಾಗಿ."